ಲಾರ್ಪ್ ಆಟದಲ್ಲಿ ಬಿಲ್ಲು ಹಿಡೀಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?

ಹೇಮಾವತಿ_ದಂಡೆ (ಹಾಸನ) ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಇಲ್ಲೇ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಕಾಲೇಜಲ್ಲಿ ಜೊತೆಗಿದ್ದವರು, ಅವರ ತಮ್ಮ ತಂಗಿಯರು ಎಲ್ಲ ಸೇರಿ ನಮ್ಮದೊಂದು ಲಾರ್ಪ್ ಗುಂಪಿದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಒಂದು ಕಥೆ ಇಟ್ಕೊಂಡು, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ವೇಷ ಹಾಕ್ಕೊಂಡು ಇಡೀ ದಿನ ಆ ಪಾತ್ರದಲ್ಲೇ ಇರೋ ಆಟ ಇದು. ಮಾತು ಮೊದಲೇ ಬರೆದಿಟ್ಟಿರಲ್ಲ, ಪ್ರೇಕ್ಷಕರೂ ಇರಲ್ಲ. ನಮ್ಮ ಕಥೆಯಲ್ಲಿ ಒಬ್ಬ ಪಾಳೇಗಾರ ಇದ್ದಾನೆ, ಸುಂಕ ಕೊಡಲ್ಲ ಅಂತ ಅವನಿಗೆ ತಿರುಗಿಬಿದ್ದ ಒಂದು ಊರಿದೆ, ಇಬ್ಬರ ಮಧ್ಯೆ ಸಿಕ್ಕಿಹಾಕ್ಕೊಂಡ ವ್ಯಾಪಾರಿಗಳಿದ್ದಾರೆ. ಜಗಳ ಬಂದಾಗ ಫೋಮ್ ಕತ್ತಿ. ಒಳಗೆ ಸಣ್ಣ ಪಿವಿಸಿ ಪೈಪು, ಮೇಲೆ ಯೋಗ ಮ್ಯಾಟ್ ಸುತ್ತಿ ಬಟ್ಟೆ ಟೇಪ್ ಹಾಕಿದ್ದು. ಭತ್ತ ಕೊಯ್ಲಾಗಿ ಗದ್ದೆ ಒಣಗಿದ ಮೇಲೆ ಆಲೂರು ರಸ್ತೆಯಲ್ಲಿರೋ ನಮ್ಮ ಸೋದರಮಾವನ ಜಮೀನಲ್ಲಿ ಆಡ್ತೀವಿ.

ಈ ಸಲ ಬಿಲ್ಲು ಬಾಣ ಸೇರಿಸೋಣ ಅಂತ ತೀರ್ಮಾನ ಆಗಿದೆ. ನನ್ನ ಪಾತ್ರ ಊರ ಗಡಿ ಕಾಯೋ ಬೇಟೆಗಾತಿ. ಬೇಲೂರು ದೇವಸ್ಥಾನದ ಮದನಿಕೆಯರಲ್ಲಿ ಬಿಲ್ಲು ಹಿಡಿದವಳೊಬ್ಬಳು ಇದ್ದಾಳಲ್ಲ, ಚಿಕ್ಕವಳಿದ್ದಾಗಿಂದ ನನಗೆ ಅವಳಂದ್ರೆ ಪ್ರಾಣ. ಈ ಪಾತ್ರವನ್ನ ನಾನು ಕೇಳಿ ತಗೊಂಡಿದ್ದು, ಅದಕ್ಕೆ ಸರಿಯಾಗಿ ಮಾಡ್ಬೇಕು ಅಂತ ಆಸೆ.

ಆದ್ರೆ ಬಿಲ್ಲಿನ ಬಗ್ಗೆ ಏನೇನೂ ಗೊತ್ತಿಲ್ಲ. ಆನ್‌ಲೈನಲ್ಲಿ ನೋಡಿದ್ರೆ 20 ಪೌಂಡಿಂದ 50 ಪೌಂಡ್‌ವರೆಗೆ ಏನೇನೋ ಇದೆ, ಈ ಪೌಂಡ್ ಅಂದ್ರೆ ಬಿಲ್ಲಿನ ತೂಕವಾ? ಬಿದಿರಿನ ಬಿಲ್ಲು ಸಾಕು ಅಂತ ಒಬ್ಬರು, ರಿಕರ್ವೇ ಬೇಕು ಅಂತ ಇನ್ನೊಬ್ಬರು. ಬಾಣದ ತುದಿಗೆ ಫೋಮ್ ನಾವೇ ಅಂಟಿಸ್ಕೋಬಹುದಾ? ನಾನು ಐದಡಿ ಇದ್ದೀನಿ, ಕನ್ನಡಕ ಬೇರೆ. ಅಭ್ಯಾಸಕ್ಕೆ ಎಷ್ಟು ಕಾಲ ಬೇಕು? ಎದುರಿಗಿರೋರು ನಮ್ಮ ಗೆಳೆಯರೇ, ಯಾರಿಗೂ ಏಟಾಗಬಾರದು. ಅದೇ ದೊಡ್ಡ ಚಿಂತೆ.

---

ಗಿರಿಸಾಲು (ಚಿಕ್ಕಮಗಳೂರು) ಬರೆದದ್ದು:

ನಮಸ್ಕಾರ ಮೇಡಂ. ಕೆಲಸದ ಮೇಲೆ ನಾನು ಕೆಲವು ವರ್ಷ ಜರ್ಮನಿಯಲ್ಲಿದ್ದೆ. ಅಲ್ಲಿ ಬ್ರೋಕೆಲೋ ಅನ್ನೋ ಹಳ್ಳಿ ಹತ್ತಿರ ಬೇಸಿಗೆಯಲ್ಲಿ ‘ಕಾಂಕ್ವೆಸ್ಟ್ ಆಫ್ ಮಿಥೋಡಿಯಾ’ ಅಂತ ದೊಡ್ಡ ಲಾರ್ಪ್ ನಡೆಯುತ್ತೆ, ಸಾವಿರಾರು ಜನ ಡೇರೆ ಹಾಕ್ಕೊಂಡು ಆಡ್ತಾರೆ. ಈ ಆಟಗಳಲ್ಲಿ ನಾನು ಬಿಲ್ಲುಗಾರನಾಗೇ ನಿಂತಿದ್ದು. ಈಗ ಆಲ್ದೂರು ಕಡೆ ನಮ್ಮ ತೋಟ ನೋಡ್ಕೊಂಡಿದ್ದೀನಿ. ಹಾಸನದಲ್ಲಿ ಇಂಥ ಗುಂಪಿದೆ ಅಂತ ಓದಿ ಎಷ್ಟು ಖುಷಿ ಆಯ್ತು ಅಂದ್ರೆ, ಕೆಲಸ ಬಿಟ್ಟು ಬರೀತಾ ಕೂತಿದ್ದೀನಿ.

ಮೊದಲನೇ ಮಾತು: ದುಡ್ಡು ಬಾಣಕ್ಕೆ ಹಾಕಿ, ಬಿಲ್ಲಿಗೆ ಆಮೇಲೆ. ಎಲ್ಲರೂ ಇದನ್ನ ತಿರುಗಾಮುರುಗಾ ಮಾಡ್ತಾರೆ. ಎದುರಿನವರ ಮೈಗೆ ತಾಗೋದು ಬಾಣ. ಸಾಧಾರಣ ಬಿಲ್ಲಿಂದ ಒಳ್ಳೇ ಬಾಣ ಬಿಟ್ಟರೆ ಆಟ ಚೆನ್ನಾಗಿ ನಡೆಯುತ್ತೆ. ಒಳ್ಳೇ ಬಿಲ್ಲಿಂದ ಕೆಟ್ಟ ಬಾಣ ಬಿಟ್ಟರೆ ಆಸ್ಪತ್ರೆಗೆ ಓಡಬೇಕಾಗುತ್ತೆ.

ಲಾರ್ಪ್ ಬಾಣದ ತಲೆ ಹೊರಗಿಂದ ಅಣಬೆ ಥರ ಕಾಣುತ್ತೆ, ಆದ್ರೆ ಒಳಗೆ ಲೆಕ್ಕಾಚಾರ ಇದೆ. ಬಾಣದ ಕಡ್ಡಿ ಕೊನೆಯಾಗೋ ಜಾಗದಲ್ಲಿ ಅಗಲವಾದ ಒಂದು ಬಿಲ್ಲೆ ಕೂರಿಸಿರ್ತಾರೆ. ಬಾಣ ಬಡಿದಾಗ ಕಡ್ಡಿ ಫೋಮ್ ತೂರಿಕೊಂಡು ಮುಂದೆ ಬರದ ಹಾಗೆ ತಡೆಯೋದು ಅದೇ. ಬಿಲ್ಲೆಯ ಮುಂದೆ ದಪ್ಪಕ್ಕೆ ಮೆತ್ತನೆ ಫೋಮ್. ತಲೆಯ ಅಗಲ ಸುಮಾರು 5 ಸೆಂಟಿಮೀಟರಿಗಿಂತ ಹೆಚ್ಚಿರಬೇಕು, ಯಾಕಂದ್ರೆ ಅದು ಕಣ್ಣಿನ ಗುಳಿಯೊಳಗೆ ಹೋಗಬಾರದು. ಈ ಕಾರಣಕ್ಕೇ ಮನೆಯಲ್ಲಿ ಯೋಗ ಮ್ಯಾಟ್ ಸುತ್ತಿ ಮಾಡಬೇಡಿ ಅಂತ ಕೈ ಮುಗಿದು ಹೇಳ್ತೀನಿ. ಕತ್ತಿ ನೀವೇ ಮಾಡಿ, ಗುರಾಣಿ ಮಾಡಿ, ಬತ್ತಳಿಕೆ ಮಾಡಿ. ಬಾಣದ ತಲೆ ಮಾತ್ರ ಇದನ್ನೇ ಕಸುಬು ಮಾಡ್ಕೊಂಡವರಿಂದ ತಗೊಳ್ಳಿ. ಹೊರದೇಶದಿಂದ ತರಿಸಿದ್ರೆ ಒಂದು ಬಾಣಕ್ಕೆ ಸಾವಿರ ರೂಪಾಯಿ ದಾಟುತ್ತೆ, ನಿಜ. ಗುಂಪಲ್ಲಿ ಹಂಚ್ಕೊಳ್ಳಿ. ಒಬ್ಬರಿಗೆ ಆರು ಬಾಣ ಇದ್ರೆ ಇಡೀ ಮಧ್ಯಾಹ್ನ ಆಡಬಹುದು.

ಇನ್ನು ಬಿಲ್ಲು. ಪೌಂಡ್ ಅಂದ್ರೆ ಬಿಲ್ಲಿನ ತೂಕವಲ್ಲ, ಹೆದೆಯನ್ನ 28 ಇಂಚಿನವರೆಗೆ ಎಳೆದಾಗ ಕೈ ಮೇಲೆ ಬೀಳೋ ಭಾರ. ಯುರೋಪಿನ ಆಟಗಳಲ್ಲಿ ಸಾಮಾನ್ಯವಾಗಿ 25ರಿಂದ 30 ಪೌಂಡ್ ಮಿತಿ ಇರುತ್ತೆ. ನಿಮಗೆ 20ರಿಂದ 25ರ ಒಳಗಿನದು ಸಾಕು. ತುದಿಗಳು ಮುಂದಕ್ಕೆ ಬಾಗಿರೋ ರಿಕರ್ವ್ ಆಗಲಿ, ನೇರ ಮರದ ಬಿಲ್ಲಾಗಲಿ, ಎರಡೂ ನಡೆಯುತ್ತೆ. ಗಾಲಿ ಇರೋ ಕಾಂಪೌಂಡ್ ಬಿಲ್ಲು ಮಾತ್ರ ಬೇಡವೇ ಬೇಡ, ಅದರ ಬಲವೇ ಬೇರೆ. ನಿಮ್ಮ ಎತ್ತರಕ್ಕೆ ನೀವು 28 ಇಂಚು ಎಳೆಯೋದೂ ಇಲ್ಲ, 25ರ ಸುತ್ತ ನಿಲ್ಲುತ್ತೆ. ಇಂಚಿಗೆ ಸುಮಾರು 2 ಪೌಂಡ್ ಕಡಿಮೆ ಅಂತ ಲೆಕ್ಕ ಹಾಕ್ಕೊಳ್ಳಿ.

ಆಟದಲ್ಲಿ ಬಾಣ ಬಿಡೋದು ಗುರಿ ಹಲಗೆಗೆ ಬಿಟ್ಟ ಹಾಗಿರಲ್ಲ. ನಮ್ಮ ಗುಂಪಲ್ಲಿ ಇಟ್ಕೊಂಡಿದ್ದ ನಿಯಮ ಇದು: ಹತ್ತು ಮೀಟರ್ ಒಳಗಿದ್ದವರಿಗೆ ಅರ್ಧ ಮಾತ್ರ ಎಳೀಬೇಕು, ಐದು ಮೀಟರ್ ಒಳಗೆ ಬಂದವರಿಗೆ ಬಿಡಲೇಬಾರದು. ತಲೆ, ಕುತ್ತಿಗೆಗೆ ಗುರಿ ಇಡಬಾರದು. ಎಳೆದ ಮೇಲೆ ಎದುರಿನವರು ಜಾರಿದ್ರೆ, ತಿರುಗಿದ್ರೆ, ಹಿಂದೆ ಯಾರೋ ಕಂಡ್ರೆ, ಹೆದೆ ಬಿಡದೆ ನಿಧಾನಕ್ಕೆ ವಾಪಸ್ ತರಬೇಕು. ಈ ವಾಪಸ್ ತರೋದನ್ನ ಬಿಡೋದಕ್ಕಿಂತ ಹೆಚ್ಚು ಅಭ್ಯಾಸ ಮಾಡಿ. ಯುದ್ಧದ ಗದ್ದಲದಲ್ಲಿ ಎಳೆದ ಬಾಣ ಇಳಿಸೋ ಬಿಲ್ಲುಗಾರನಿಗೆ ಎರಡೂ ಕಡೆಯವರು ಮರ್ಯಾದೆ ಕೊಡ್ತಾರೆ, ನಾನು ಕಣ್ಣಾರೆ ಕಂಡಿದ್ದೀನಿ.

ಬಾಣ ಪರೀಕ್ಷೆ ಪ್ರತಿ ಸಲವೂ ಆಗಬೇಕು. ಬೆಳಿಗ್ಗೆ ಒಂದು ಸಲ ನೋಡಿದ್ದು ಸಾಲದು. ಬಾಣದ ತಲೆಯನ್ನ ಅಂಗೈಲಿ ಹಿಡಿದು ಮುಂಭಾಗವನ್ನ ಹೆಬ್ಬೆರಳಿಂದ ಒತ್ತಿ. ಮೆತ್ತಗೆ ಒಳಗೆ ಹೋಗಿ, ಬೆರಳು ತೆಗೆದ ಕೂಡಲೇ ಮೊದಲಿನ ಹಾಗೆ ಉಬ್ಬಬೇಕು. ಒಳಗಿನ ಬಿಲ್ಲೆಯ ಅಂಚು ಬೆರಳಿಗೆ ಸಿಕ್ತು ಅಂದ್ರೆ ಆ ಬಾಣದ ಕಥೆ ಮುಗೀತು. ಆಮೇಲೆ ತಲೆಯನ್ನ ಮೆಲ್ಲಗೆ ತಿರುಚಿ ನೋಡಿ, ಕಡ್ಡಿ ಮೇಲೆ ಅದು ಅಲ್ಲಾಡಬಾರದು. ಕಡ್ಡಿ ಮರದ್ದಾದ್ರೆ ಕಿವಿ ಹತ್ತಿರ ಹಿಡಿದು ಸ್ವಲ್ಪ ಬಗ್ಗಿಸಿ, ಚಿಟ್ ಅಂತ ಸಣ್ಣ ಸದ್ದು ಬಂದ್ರೂ ಮುರಿದು ಒಲೆಗೆ ಹಾಕಿ. ಫೈಬರ್ ಗ್ಲಾಸ್ ಕಡ್ಡಿ ಆದ್ರೆ ಹಳೇ ಹತ್ತಿ ಬಟ್ಟೆಯಿಂದ ಉದ್ದಕ್ಕೂ ಸವರಿ. ಎಳೆ ಎದ್ದಿದ್ರೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ಬರಿಗೈಲಿ ಸವರಬೇಡಿ, ಆ ಎಳೆ ಚರ್ಮಕ್ಕೆ ಹೊಕ್ಕರೆ ತೆಗೆಯೋದು ಬಹಳ ಕಷ್ಟ. ಕೊನೆಗೆ ಹಿಂದಿನ ನಾಕ್, ಅಂದ್ರೆ ಹೆದೆಗೆ ಸಿಕ್ಕಿಸೋ ಕಚ್ಚು, ಸೀಳಿದೆಯಾ ನೋಡಿ. ರೂಢಿಯಾದ ಮೇಲೆ ಇಷ್ಟಕ್ಕೆ ಅರ್ಧ ನಿಮಿಷ ಸಾಕು. ನೆಲದ ಮೇಲೆ ಬಿದ್ದಿದ್ದ ಬಾಣ ಎತ್ತಿ ಹಾಗೇ ಹೂಡೋದು ನನ್ನ ಪ್ರಕಾರ ಈ ಆಟದಲ್ಲಿ ಆಗೋ ದೊಡ್ಡ ತಪ್ಪು. ಯಾರೋ ಅದರ ಮೇಲೆ ಕಾಲಿಟ್ಟಿರಬಹುದು, ಗದ್ದೆಯ ಕೂಳೆ ಅಥವಾ ಸಣ್ಣ ಕಲ್ಲು ಫೋಮಿಗೆ ಕಚ್ಚಿಕೊಂಡಿರಬಹುದು.

ಬಾಣ ಇಲ್ಲದೆ ಖಾಲಿ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಬಡಿದು ಅದು ಸೀಳಿಹೋಗುತ್ತೆ. ಆಟ ನೋಡೋಕೆ ಬಂದ ಮಕ್ಕಳು ಕೈಗೆ ಸಿಕ್ಕ ತಕ್ಷಣ ಮಾಡೋದು ಇದನ್ನೇ, ಅದಕ್ಕೆ ಬಿಡುವಿನಲ್ಲಿ ಹೆದೆ ಇಳಿಸಿಡಿ. ಬಿಲ್ಲಿಂದ ಕತ್ತಿ ಏಟು ತಡೆಯೋಕೂ ಹೋಗಬೇಡಿ.

ಅಗ್ಗದ ಮರದ ಬಿಲ್ಲಿಗೆ ಸ್ವಲ್ಪ ಹಿಗ್ಗೋ ಡೆಕ್ರಾನ್ (ಪಾಲಿಯೆಸ್ಟರ್) ಹೆದೆ ಹಾಕಿ, ಫಾಸ್ಟ್ ಫ್ಲೈಟ್ ಅಂತ ಸಿಗೋ ಹೆದೆ ಹಿಗ್ಗಲ್ಲ, ಬಿಲ್ಲಿನ ತುದಿ ಮುರಿಯುತ್ತೆ. ಹೆದೆಗೆ ಜೇನುಮೇಣ ಸವರಿ. ನಮ್ಮ ಕಡೆ ಜೇನು ಸಾಕೋರ ಹತ್ತಿರ ಶುದ್ಧ ಮೇಣ ಸಿಗುತ್ತೆ.

---

ಕಾಡುದಾರಿ (ಸಕಲೇಶಪುರ) ಬರೆದದ್ದು:

ಇಷ್ಟೆಲ್ಲ ಖರ್ಚು ಯಾಕೆ ಅಂತ ನನ್ನ ಪ್ರಶ್ನೆ. ಚಿಕ್ಕೋರಿದ್ದಾಗ ನಾವೆಲ್ಲ ಬಿದಿರು ಸೀಳಿ ಬಿಲ್ಲು ಮಾಡಿದೋರೇ. ಕಡ್ಡಿ ತುದಿಗೆ ಟೆನಿಸ್ ಬಾಲ್ ಚುಚ್ಚಿ ಟೇಪ್ ಸುತ್ತಿದ್ರೆ ಆಗಲ್ವಾ? ಆಡೋ ಮಕ್ಕಳಿಗೆ ಸಾವಿರ ರೂಪಾಯಿಯ ಬಾಣ ಅಂದ್ರೆ ಆಟನೇ ಬೇಡ ಅಂತಾರೆ.

ಇನ್ನೊಂದು, ಜಾಗದ ವಿಷಯ. ಆಲೂರು ರಸ್ತೆ ಅಂದ್ರಿ. ನಮ್ಮ ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ಓಡಾಟ ನಿಮಗೂ ಗೊತ್ತಿರುತ್ತೆ. ಭತ್ತ ತೆನೆ ಕಟ್ಟೋ ಹೊತ್ತಿಗೆ ಗದ್ದೆಗೇ ಇಳಿಯುತ್ತೆ, ಕೊಯ್ಲಾದ ಮೇಲೂ ತೋಟದೊಳಗೆ ಇರುತ್ತೆ. ಅರಣ್ಯ ಇಲಾಖೆಯಿಂದ ಆನೆ ಎಲ್ಲಿದೆ ಅಂತ ಮೆಸೇಜ್ ಬರೋ ಊರುಗಳಲ್ಲಿ ಆ ಮೆಸೇಜ್ ನೋಡದೆ ಆಟ ಶುರು ಮಾಡಬೇಡಿ. ಕತ್ತಲಾದ ಮೇಲೆ ಆಡೋ ಯೋಚನೆ ಇದ್ರೆ ಬಿಟ್ಟುಬಿಡಿ. ಸಂಜೆ ಐದೂವರೆಗೆ ಎಲ್ಲರೂ ಮನೆ ಸೇರಿರಬೇಕು. ತೋಟದೊಳಗೆ ಅವಿತು ಬಾಣ ಬಿಡೋದು ಚೆಂದ ಕಾಣುತ್ತೆ, ಆದ್ರೆ ಕಾಫಿ ಗಿಡದ ಸಂದಿಯಲ್ಲಿ ಹತ್ತು ಅಡಿ ಮುಂದೆ ಆನೆ ನಿಂತಿದ್ರೂ ಕಾಣಲ್ಲ. ಇದನ್ನ ಹೆದರಿಸೋಕೆ ಹೇಳ್ತಿಲ್ಲ. ನಮ್ಮೂರಲ್ಲಿ ಜನ ಸತ್ತಿದ್ದಾರೆ.

ಕಾಡಿಗೂ ಬಿಲ್ಲು ಒಯ್ಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಯುಧಗಳ ಪಟ್ಟಿಯಲ್ಲಿ ಬಿಲ್ಲು ಬಾಣವೂ ಇದೆ, ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯಕ್ಕೆ ಹೋಗೋ ಹಾಗಿಲ್ಲ. ಚಿಕ್ಕಮಗಳೂರಿನವರು ಭದ್ರಾ ಕಡೆ ಹೋಗೋವಾಗ ಇದನ್ನ ನೆನಪಿಟ್ಕೊಳ್ಳಿ, ತುದಿಗೆ ಫೋಮ್ ಇದೆ ಅಂತ ಗೇಟಲ್ಲಿ ವಾದ ಮಾಡೋಕಾಗಲ್ಲ. ಮಂಜರಾಬಾದ್ ಕೋಟೆಯಲ್ಲಿ ಆಡೋಣ ಅಂತ ಯಾರಿಗಾದ್ರೂ ಅನ್ನಿಸಿದ್ರೆ ಅದೂ ಬೇಡ, ಪ್ರವಾಸಿಗರು ತುಂಬಿರೋ ಹಳೇ ಸ್ಮಾರಕ ಅದು.

---

ಗಿರಿಸಾಲು ಬರೆದದ್ದು:

ಆನೆ ವಿಷಯ ಹೇಳಿದ್ದಕ್ಕೆ ಧನ್ಯವಾದ ಅಣ್ಣ, ನಾನೇ ಮೊದಲು ಬರೀಬೇಕಿತ್ತು.

ಟೆನಿಸ್ ಬಾಲ್ ಮಾತ್ರ ಒಪ್ಪಲ್ಲ. ಒಳಗೆ ಅದು ಪೊಳ್ಳು. ಕಡ್ಡಿ ಹಿಂದಿನ ಗೋಡೆ ತೂರಿ ಒಳಗೆ ಹೋಗಿದೆ, ಮುಂದಿನ ಗೋಡೆಗೂ ಅದಕ್ಕೂ ಮಧ್ಯೆ ತಡೆಯೋಕೆ ಏನೂ ಇಲ್ಲ. ನಾಲ್ಕು ಸಲ ಬಡಿದ್ರೆ ಕಡ್ಡಿ ಮುಂದಕ್ಕೆ ತೂರುತ್ತೆ. ಇಲ್ಲಾಂದ್ರೆ ಬಿಸಿಲಿಗೆ ಟೇಪಿನ ಅಂಟು ಸಡಿಲವಾಗಿ ಬಾಲ್ ಗಾಳಿಯಲ್ಲೇ ಕಳಚಿಕೊಂಡು, ಬರೀ ಕಡ್ಡಿ ಮುಖಕ್ಕೆ ಹೋಗುತ್ತೆ. ದುಡ್ಡಿಲ್ಲ ಅಂದ್ರೆ ಬೇರೆ ದಾರಿ ಇದೆ. ಇಡೀ ಗುಂಪಿಗೆ ಒಬ್ಬರೇ ಬಿಲ್ಲುಗಾರರು, ಅವರಿಗೆ ಮೂರೇ ಬಾಣ. ಕಥೆಗೂ ಅದು ಚೆನ್ನಾಗಿ ಹೊಂದುತ್ತೆ. ಮೂರೇ ಬಾಣ ಇರೋ ಬೇಟೆಗಾತಿ ಯಾವಾಗ ಬಿಡ್ತಾಳೋ ಅಂತ ಪಾಳೇಗಾರನ ಕಡೆಯವರು ದಿನವೆಲ್ಲ ಕಾಯ್ತಿರ್ತಾರೆ.

ಬಿದಿರು ಬಿಲ್ಲಿಗೆ ನನ್ನ ವಿರೋಧ ಇಲ್ಲ. ಅದರ ಪೌಂಡ್ ಅಳೆದು ನೋಡಿ ಅಷ್ಟೇ. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಿಗುತ್ತಲ್ಲ, ಅದನ್ನ ಹೆದೆಯ ಮಧ್ಯಕ್ಕೆ ಸಿಕ್ಕಿಸಿ. ಒಂದು ಕಡ್ಡಿಗೆ 28 ಇಂಚಿಗೆ ಟೇಪ್ ಸುತ್ತಿ ಹೆದೆಗೆ ಹೂಡಿ, ಆ ಗುರುತು ಬಿಲ್ಲಿನ ಹೊರಮೈಗೆ ಬರೋವರೆಗೆ ನಿಧಾನಕ್ಕೆ ಎಳೆದು ತಕ್ಕಡಿ ನೋಡಿ. 13.6 ಕೆಜಿ ತೋರಿಸಿದ್ರೆ 30 ಪೌಂಡ್. 11.3 ಆದ್ರೆ 25. ಅದಕ್ಕಿಂತ ಮೇಲಿದ್ರೆ ಆಟಕ್ಕೆ ಬೇಡ. ಕೈಯಲ್ಲಿ ಎಳೆದು ‘ಹಗುರ ಇದೆ’ ಅಂತ ಹೇಳೋ ಮಾತು ನಂಬಬೇಡಿ, ತೋಟದ ಕೆಲಸ ಮಾಡೋ ಕೈಗೆ 40 ಪೌಂಡೂ ಹಗುರವೇ.

---

ಪಿಟಿ_ಮೇಷ್ಟ್ರು (ಅರಸೀಕೆರೆ) ಬರೆದದ್ದು:

ನಾನು ಲಾರ್ಪ್ ಆಡಿದವನಲ್ಲ, ಶಾಲೆಯಲ್ಲಿ ಮಕ್ಕಳಿಗೆ ಬಿಲ್ವಿದ್ಯೆ ಹೇಳಿಕೊಡ್ತೀನಿ. ನಮ್ಮಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗ ಇದೆ, ಬಿದಿರಿನ ಬಿಲ್ಲಲ್ಲೇ 30 ಮತ್ತು 50 ಮೀಟರ್ ಗುರಿ. ಹಾಗಾಗಿ ಬಿದಿರನ್ನ ಯಾರೂ ಕೀಳಾಗಿ ಕಾಣೋದು ಬೇಡ. ಕೈ ಪಳಗೋದಕ್ಕೆ ಅದು ಬಹಳ ಒಳ್ಳೇದು.

ಮಗಳೇ, ಬಿಲ್ಲು ಕೊಳ್ಳೋ ಮುಂಚೆ ನಿನ್ನ ಕಣ್ಣು ಯಾವುದು ಅಂತ ತಿಳ್ಕೋ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳ ಮಧ್ಯೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಕೊಂಡು ದೂರದ ನೀರಿನ ಟ್ಯಾಂಕನ್ನ ಆ ಕಿಂಡಿಯೊಳಗೆ ತಗೊಂಡು ನೋಡು. ಈಗ ಒಂದು ಕಣ್ಣು ಮುಚ್ಚು. ಟ್ಯಾಂಕ್ ಅಲ್ಲೇ ಇದ್ರೆ ತೆರೆದಿರೋ ಕಣ್ಣೇ ನಿನ್ನ ಗುರಿಯ ಕಣ್ಣು. ಮಾಯವಾದ್ರೆ ಮುಚ್ಚಿದ್ದು. ಬಲಗಣ್ಣಾದ್ರೆ ಬಲಗೈಲಿ ಎಳೆಯೋದು.

ಮೊದಲ ಕೆಲವು ವಾರ ಬಾಣ ಮುಟ್ಟೋದೇ ಬೇಡ. ಮೆಡಿಕಲ್ ಶಾಪಲ್ಲಿ ವ್ಯಾಯಾಮದ ರಬ್ಬರ್ ಪಟ್ಟಿ ಸಿಗುತ್ತೆ, ಅದನ್ನ ಎಳೆದು ಅಭ್ಯಾಸ ಮಾಡು. ಭುಜ ಕಿವಿಗೆ ಏರಬಾರದು. ಎಳೆಯೋದು ತೋಳಿಂದಲ್ಲ, ಬೆನ್ನಿನ ಎರಡು ರೆಕ್ಕೆ ಮೂಳೆ ಹತ್ತಿರ ಬರೋ ಹಾಗೆ ಬೆನ್ನಿಂದ. ಎಳೆದ ಕೈ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ನಿಲ್ಲಬೇಕು, ತೋರುಬೆರಳು ಬಾಯಿಯ ಅಂಚಿಗೆ ತಾಗಲಿ. ಬಿಲ್ಲು ಹಿಡಿದ ಕೈಯ ಮೊಣಕೈ ಗಂಟು ಸ್ವಲ್ಪ ಹೊರಗೆ ತಿರುಗಿರಲಿ, ಇಲ್ಲಾಂದ್ರೆ ಹೆದೆ ಮುಂಗೈ ಒಳಭಾಗಕ್ಕೆ ಬಾರಿಸಿ ನೀಲಿಗಟ್ಟುತ್ತೆ. ಚರ್ಮದ ಆರ್ಮ್ ಗಾರ್ಡ್ ಕಟ್ಕೋ, ಹೆದೆ ಎಳೆಯೋ ಬೆರಳಿಗೆ ಟ್ಯಾಬ್ ಅನ್ನೋ ಚರ್ಮದ ತುಂಡು ಹಾಕ್ಕೋ.

ಹೆಣ್ಣುಮಕ್ಕಳಿಗೆ ನಾನು ತಪ್ಪದೆ ಹೇಳೋದು: ಜಡೆ ಬಿಗಿಯಾಗಿ ಹಿಂದೆ ಕಟ್ಟು, ಜುಮುಕಿ, ಸರ ತೆಗೆದಿಡು, ದುಪ್ಪಟ್ಟಾ ಸೊಂಟಕ್ಕೆ ಸುತ್ತು. ಹೆದೆಗೆ ಓಲೆ ಸಿಕ್ಕಿದ್ರೆ ಕಿವಿ ಹರಿಯುತ್ತೆ. ಬೇಟೆಗಾತಿ ವೇಷಕ್ಕೆ ಒಡವೆ ಬೇಕೇ ಬೇಕು ಅಂದ್ರೆ ತೋಳಬಂದಿ, ಕಾಲ್ಗಡಗ ಹಾಕ್ಕೋ, ಅದೂ ಬಿಲ್ಲು ಹಿಡಿಯೋ ತೋಳಿಗೆ ಬೇಡ.

ಕನ್ನಡಕ ಗಾಜಿನದ್ದಾದ್ರೆ ಪಾಲಿಕಾರ್ಬೊನೇಟ್ ಲೆನ್ಸ್ ಹಾಕಿಸು. ಅದರ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಸೇಫ್ಟಿ ಗಾಗಲ್ಸ್ ಕೂರುತ್ತೆ. ನನ್ನನ್ನ ಕೇಳಿದ್ರೆ, ಬಿಲ್ಲು ಇರೋ ದಿನ ಆಟದಲ್ಲಿರೋ ಎಲ್ಲರೂ ಗಾಗಲ್ಸ್ ಹಾಕಲೇಬೇಕು. ವೇಷ ಕೆಡುತ್ತೆ ಅನ್ನೋರಿಗೆ ಕಣ್ಣು ಎರಡೇ ಇರೋದು ಅಂತ ಹೇಳು.

ಸೀಟಿಯ ಶಿಸ್ತನ್ನೂ ತಗೊಳ್ಳಿ. ಸ್ಪರ್ಧೆಗಳಲ್ಲಿ ಎರಡು ಸೀಟಿ ಅಂದ್ರೆ ಗೆರೆಗೆ ಬನ್ನಿ, ಒಂದು ಅಂದ್ರೆ ಬಿಡಿ, ಮೂರು ಅಂದ್ರೆ ಬಾಣ ತರೋಕೆ ಹೋಗಿ, ಐದು ಅಥವಾ ಹೆಚ್ಚು ಅಂದ್ರೆ ಅಪಾಯ, ಎಲ್ಲ ನಿಲ್ಲಿಸಿ. ಅಭ್ಯಾಸದಲ್ಲಿ ನಾಲ್ಕೂ ಬಳಸಿ. ಆಟದ ದಿನ ಕೊನೆಯದೊಂದು ಇದ್ರೆ ಸಾಕು, ಆದ್ರೆ ಅದನ್ನ ಕೇಳಿದ ಕ್ಷಣ ಪಾಳೇಗಾರನಿಂದ ಹಿಡಿದು ಎಲ್ಲರೂ ನಿಂತಲ್ಲೇ ನಿಲ್ಲಬೇಕು.

---

ಹೇಮಾವತಿ_ದಂಡೆ ಬರೆದದ್ದು:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಮೇಷ್ಟ್ರೇ, ನೀವು ಹೇಳಿದ ಹಾಗೆ ಆಫೀಸ್ ಟೆರೇಸ್ ಮೇಲೆ ಕಿಂಡಿ ಮಾಡಿ ನೋಡಿದೆ, ನನ್ನದು ಬಲಗಣ್ಣು. ಮೂರು ಬಾಣದ ಯೋಚನೆ ನಮ್ಮ ಗುಂಪಿಗೆ ಭಾಳ ಹಿಡಿಸಿದೆ, ಕಥೆಯನ್ನ ಅದಕ್ಕೆ ತಕ್ಕ ಹಾಗೆ ತಿದ್ದಿದ್ದೀವಿ. ಆಟ ಬೆಳಿಗ್ಗೆ ಶುರುವಾಗಿ ನಾಲ್ಕಕ್ಕೆ ಮುಗಿಯುತ್ತೆ, ಗದ್ದೆ ಬಯಲು ಬಿಟ್ಟು ತೋಟದೊಳಗೆ ಯಾರೂ ಕಾಲಿಡಲ್ಲ ಅಂತ ಮಾವನಿಗೆ ಮಾತು ಕೊಟ್ಟಿದ್ದೀನಿ. ಅಣ್ಣ, ಅವರೂ ನಿಮ್ಮ ಮಾತನ್ನೇ ಹೇಳಿದ್ರು.

ಎರಡು ಅನುಮಾನ ಉಳಿದಿದೆ. ಮಳೆಗಾಲದಲ್ಲಿ ಇವನ್ನೆಲ್ಲ ಇಡೋದು ಹೇಗೆ? ಮತ್ತೆ ನನ್ನ ಚಿಕ್ಕಪ್ಪನ ಮಗ ಪಿಯುಸಿ ಓದ್ತಿದ್ದಾನೆ, ಅವನಿಗೂ ಕಲೀಬೇಕು ಅಂತ ಹಠ. ಬರೆಯೋದು ಉಣ್ಣೋದು ಎಲ್ಲ ಬಲಗೈ, ಆದ್ರೆ ಕಿಂಡಿ ಪರೀಕ್ಷೆಯಲ್ಲಿ ಎಡಗಣ್ಣು ಬರ್ತಿದೆ. ಏನು ಮಾಡೋದು?

---

ಗಿರಿಸಾಲು ಬರೆದದ್ದು:

ಮಳೆಗಾಲಕ್ಕೆ: ಹೆದೆ ಇಳಿಸಿ, ಬಿಲ್ಲನ್ನ ಗೋಡೆಗೆ ಒರಗಿಸದೆ ಎರಡು ಗೂಟದ ಮೇಲೆ ಮಲಗಿಸಿಡಿ. ಹಾಸನದಲ್ಲಿ ಪರವಾಗಿಲ್ಲ, ನಮ್ಮ ಆಲ್ದೂರು ಕಡೆ ಜುಲೈನಲ್ಲಿ ಚರ್ಮದ ಸಾಮಾನೆಲ್ಲ ಬೂಷ್ಟು ಹಿಡಿಯುತ್ತೆ, ಟ್ಯಾಬು, ಗಾರ್ಡು ಆಗಾಗ ಒರೆಸಿ ಗಾಳಿಗೆ ಇಡಬೇಕು. ಬಾಣದ ತಲೆ ಭಾರ ಬೀಳದ ಹಾಗೆ ನೇತುಹಾಕಿ. ಪೆಟ್ಟಿಗೆಯಲ್ಲಿ ಒತ್ತಿಟ್ಟರೆ ಫೋಮ್ ಚಪ್ಪಟೆಯಾಗಿ ಹಾಗೇ ಉಳಿಯುತ್ತೆ. ತಲೆಗೆ ಲ್ಯಾಟೆಕ್ಸ್ ಬಳಿದಿದ್ರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅಂಟಂಟಾಗುತ್ತೆ. ಮೇಲೆ ತೆಳ್ಳಗೆ ಟಾಲ್ಕಮ್ ಪೌಡರ್ ಹಾಕಿಡಿ. ನೀರು ಕುಡಿದ ಬಾಣ ಭಾರವಾಗುತ್ತೆ, ಏಟು ಜೋರಾಗಿ ಬೀಳುತ್ತೆ, ಅದು ಪೂರ್ತಿ ಒಣಗೋವರೆಗೆ ಬಿಲ್ಲಿಗೆ ಹೂಡಬೇಡಿ.

---

ಪಿಟಿ_ಮೇಷ್ಟ್ರು ಬರೆದದ್ದು:

ಹುಡುಗ ಹೊಸಬನಲ್ವಾ, ಎಡಗೈಲೇ ಎಳೆಯೋದು ಕಲಿಸು. ಎರಡು ವಾರ ಒದ್ದಾಡ್ತಾನೆ, ಆಮೇಲೆ ಸರಿಹೋಗುತ್ತೆ. ಬಲಗೈಲೇ ಎಳೀತೀನಿ ಅಂತ ಹಠ ಹಿಡಿದ್ರೆ ಎಡಗಣ್ಣು ಮುಚ್ಚಿ ಗುರಿ ಇಡಬೇಕಾಗುತ್ತೆ. ಗುರಿ ಹಲಗೆ ಮುಂದೆ ಅದು ನಡೆಯುತ್ತೆ, ನಿಮ್ಮ ಆಟದಲ್ಲಿ ಎಡಪಕ್ಕದಿಂದ ಯಾರು ಓಡಿಬಂದ್ರು ಅಂತ ಕಾಣಬೇಕಲ್ಲ.

ಬಾಣ ಕೂರೋಕೆ ಕಚ್ಚು ಇಲ್ಲದ ಬಿದಿರು ಅಥವಾ ಮರದ ಬಿಲ್ಲಾದ್ರೆ ಎರಡೂ ಕೈಗೆ ಆಗುತ್ತೆ, ನೀನು ತಗೊಂಡಿದ್ದರಲ್ಲೇ ಅವನೂ ಕಲೀಬಹುದು. ಬಿಚ್ಚಿ ಜೋಡಿಸೋ ರಿಕರ್ವ್ ತಗೊಳ್ಳೋದಾದ್ರೆ ಅವನಿಗೆ ಎಡಗೈಯವರ ಬಿಲ್ಲೇ ಬೇಕು. ಅಂದ್ರೆ ಬಲಗೈಲಿ ಹಿಡಿದು ಎಡಗೈಲಿ ಎಳೆಯೋದು. ಇದನ್ನ ಉಲ್ಟಾ ತಿಳ್ಕೊಂಡು ಆರ್ಡರ್ ಮಾಡಿದವರನ್ನ ಬೇಕಾದಷ್ಟು ನೋಡಿದ್ದೀನಿ, ದುಡ್ಡು ಕಟ್ಟೋ ಮುಂಚೆ ಅಂಗಡಿಯವರಿಗೆ ಫೋನ್ ಮಾಡಿ ಕೇಳು.